ಎಲ್ಇಡಿಯ ಬಿರುದಾವಳಿ: ಪಾರ್ಟ್ ನಂಬರುಗಳು ಸವೆದುಹೋದ ಕಥೆ

ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು ದಾಟಿ ಚಿತ್ತೂರಿನ ಕಡೆ ಹೊರಟರೆ ಆಂಧ್ರದ ಗಡಿಗೆ ಸ್ವಲ್ಪ ಮೊದಲು ಸಿಗುವ ಊರು ನಂಗಲಿ. ಬಸ್ಸಿನಲ್ಲಿ ತೂಕಡಿಸುತ್ತಾ ದಾಟಿಬಿಡುವವರೇ ಹೆಚ್ಚು. ಆದರೆ ಈ ಊರಿನ ಹೆಸರು ಹನ್ನೆರಡನೇ ಶತಮಾನದ ಹೊಯ್ಸಳ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ವಿಷ್ಣುವರ್ಧನನ ರಾಜ್ಯಕ್ಕೆ ಪೂರ್ವದ ಎಲ್ಲೆ ಯಾವುದು ಅಂದರೆ ನಂಗಲಿಯ ಘಟ್ಟ. ಅವನ ಬಿರುದುಗಳಲ್ಲೂ ತಲಕಾಡು, ಕೊಂಗು, ಗಂಗವಾಡಿ, ನೊಳಂಬವಾಡಿಗಳ ಜೊತೆ ನಂಗಲಿಯೂ ಸಾಲಾಗಿ ನಿಂತಿದೆ. ಒಂದೊಂದು ಪದವೂ ಒಂದೊಂದು ಯುದ್ಧ, ಒಂದೊಂದು ಸೀಮೆ. ಗೊತ್ತಿದ್ದವನು ಓದಿದರೆ ಅರಸನ ಅರ್ಧ ಚರಿತ್ರೆ ಆ ಒಂದೇ ಸಾಲಿನಲ್ಲಿ ಸಿಕ್ಕಿಬಿಡುತ್ತದೆ. ಗೊತ್ತಿಲ್ಲದವನಿಗೆ ಅದು ಬರೀ ಊರುಗಳ ಪಟ್ಟಿ, ಅಷ್ಟೆ.

ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪಾರ್ಟ್ ನಂಬರ್ ಅಂದರೂ ಇಂಥದ್ದೇ ಒಂದು ಬಿರುದಾವಳಿ. ಬಿಸಿ 148, ಸಿಎನ್‌ವೈ 17, ಎನ್‌ಎಸ್‌ಪಿಡಬ್ಲ್ಯು 500... ಒಂದೊಂದು ಅಕ್ಷರಕ್ಕೂ ಅರ್ಥವಿದೆ. ಈ ಬರಹ ಅದರಲ್ಲೂ ಎಲ್ಇಡಿಗಳ ನಂಬರಿನ ಬಗ್ಗೆ. ಯಾಕೆ ಅಂದರೆ ಇವತ್ತು ಮನೆಮನೆಯಲ್ಲೂ ಉರಿಯುತ್ತಿರುವುದು ಎಲ್ಇಡಿ ಬಲ್ಬು, ಅದು ಕೆಟ್ಟರೆ ನಂಗಲಿಯಂಥ ಊರುಗಳ ರಿಪೇರಿ ಅಂಗಡಿಗೆ ಬರುತ್ತದೆ. ಅಂಗಡಿಯವನು ಮೇಲಿನ ಬಿಳಿ ಟೋಪಿ ತೆಗೆಯುತ್ತಾನೆ. ಒಳಗೆ ಅಲ್ಯೂಮಿನಿಯಂ ತಟ್ಟೆಯ ಮೇಲೆ ಎಂಟೋ ಒಂಬತ್ತೋ ಹಳದಿ ಚುಕ್ಕೆಗಳು. ಒಂದರ ನಡುವೆ ಮಾತ್ರ ಸಾಸಿವೆಯಷ್ಟು ಕಪ್ಪು ಕಲೆ. ಅದು ಸತ್ತಿದೆ, ಎಲ್ಲವೂ ಒಂದರ ಹಿಂದೊಂದು ಸರಣಿಯಲ್ಲಿ ಇರುವುದರಿಂದ ಇಡೀ ಬಲ್ಬು ಕತ್ತಲು. ಆ ಒಂದು ಚುಕ್ಕೆಯನ್ನು ಬದಲಾಯಿಸಿದರೆ ಸಾಕು. ಆದರೆ ಯಾವುದನ್ನು ಹಾಕಬೇಕು? ಚುಕ್ಕೆಯ ಮೇಲೆ ಒಂದಕ್ಷರವೂ ಇಲ್ಲ! "ಅದು 2835 ಅಂತೆ" ಎಂದು ಇನ್ನೊಂದು 2835 ತಂದು ಹಾಕುತ್ತಾರೆ. ಹಲವು ಸಲ ನಾಲ್ಕು ದಿನಕ್ಕೆ ಮತ್ತೆ ಕತ್ತಲು. ಗಿರಾಕಿಗೆ ಬೇಸರ, ಅಂಗಡಿಯವನಿಗೆ ಕೆಟ್ಟ ಹೆಸರು, ಬಲ್ಬು ತಿಪ್ಪೆಗೆ.

ಹೀಗೆ ಯಾಕಾಗುತ್ತದೆ ಅನ್ನುವುದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ರೇಡಿಯೋ ಕಾಲಕ್ಕೆ.

ಹಳೇ ವಾಲ್ವ್ ರೇಡಿಯೋ ನೋಡಿದವರಿಗೆ ಅದರ ಮುಂಭಾಗದಲ್ಲಿ ಮಿನುಗುತ್ತಿದ್ದ ಹಸಿರು ಕಣ್ಣು ನೆನಪಿರಬಹುದು. ಸ್ಟೇಷನ್ ಸರಿಯಾಗಿ ಸಿಕ್ಕಿದಾಗ ಆ ಹಸಿರು ಪಟ್ಟಿ ಹತ್ತಿರ ಹತ್ತಿರ ಬರುತ್ತಿತ್ತು. ಆ ಕಣ್ಣೂ ಒಂದು ವಾಲ್ವೇ. ಅದರ ಗಾಜಿನ ಮೇಲೆ ಇಎಂ 80, ಇಎಂ 84 ಎಂದೇನೋ ಬರೆದಿರುತ್ತಿತ್ತು. ಯುರೋಪಿನಲ್ಲಿ ಫಿಲಿಪ್ಸ್, ಮುಲ್ಲಾರ್ಡ್ ಮುಂತಾದ ಕಂಪನಿಗಳು 1934ರಿಂದ ಬಳಸಿದ ಪದ್ಧತಿ ಅದು. ಮೊದಲ ಅಕ್ಷರ 'ಇ' ಅಂದರೆ ಒಳಗಿನ ಹೀಟರಿಗೆ 6.3 ವೋಲ್ಟ್. ಎರಡನೆಯ ಅಕ್ಷರ ಅದು ಮಾಡುವ ಕೆಲಸ. 'ಎಂ' ಅಂದರೆ ಟ್ಯೂನಿಂಗ್ ತೋರಿಸುವ ಕಣ್ಣು, 'ಸಿ' ಅಂದರೆ ಟ್ರಯೋಡ್, 'ಎಲ್' ಅಂದರೆ ಸ್ಪೀಕರಿಗೆ ಶಕ್ತಿ ಕೊಡುವ ಪೆಂಟೋಡ್. ಆಮೇಲಿನ ಅಂಕಿಗಳಲ್ಲಿ ಮೊದಲನೆಯದು ಬುಡದ ಜಾತಿ: 8 ಅಂದರೆ ಒಂಬತ್ತು ಪಿನ್ನಿನ ಬುಡ. ಇಸಿಸಿ 83 ಅಂದ ಕೂಡಲೇ ರೇಡಿಯೋ ರಿಪೇರಿಯವನಿಗೆ ಗೊತ್ತಾಗುತ್ತಿತ್ತು: 6.3 ವೋಲ್ಟಿನ ಹೀಟರ್, ಒಂದೇ ಗಾಜಿನೊಳಗೆ ಎರಡು ಟ್ರಯೋಡ್, ಒಂಬತ್ತು ಪಿನ್. ಪುಸ್ತಕ ತೆರೆಯುವ ಮೊದಲೇ ಮುಕ್ಕಾಲು ವಿಷಯ ತಿಳಿದಾಯಿತು.

1950ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂತು. ಅದಕ್ಕೆ ಹೆಸರಿಡುವುದು ಹೇಗೆ? ಆಗ ಅವರು ಮಾಡಿದ್ದು ತಮಾಷೆಯಾಗಿದೆ. ವಾಲ್ವಿನ ಪದ್ಧತಿಯನ್ನೇ ಎಳೆದುತಂದು ಓಸಿ 71 ಎಂದು ಕರೆದರು. 'ಸಿ' ಅಂದರೆ ಅದೇ ಹಳೇ ಟ್ರಯೋಡ್, ಅಂದರೆ ಮೂರು ಕಾಲಿನದು. 'ಓ' ಅಂದರೆ ಹೀಟರ್ ವೋಲ್ಟೇಜು ಸೊನ್ನೆ! ಹೀಟರೇ ಇಲ್ಲದ ವಸ್ತುವಿನ ಹೆಸರಿನಲ್ಲಿ ಹೀಟರಿಗೆ ಜಾಗ. ಓಎ 79 ಎಂಬ ಡಯೋಡಿಗೂ ಇದೇ ನಿಯಮ. ಹೊಸ ವಸ್ತು ಹಳೇ ಭಾಷೆಯಲ್ಲಿ ಹುಟ್ಟಿತು.

ನಮ್ಮ ಕರ್ನಾಟಕಕ್ಕೂ ಈ ಕಥೆಗೂ ಹತ್ತಿರದ ಸಂಬಂಧವಿದೆ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾಯಿತು. ಅಲ್ಲಿ 1961ರಲ್ಲಿ ರೇಡಿಯೋ ವಾಲ್ವುಗಳು, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳು, 1967ರ ಹೊತ್ತಿಗೆ ಸಿಲಿಕಾನ್ ಬಿಡಿಭಾಗಗಳು ತಯಾರಾಗತೊಡಗಿದವು. ಆಮೇಲಿನ ಎರಡು ಮೂರು ದಶಕ ಭಾರತದ ಟ್ರಾನ್ಸಿಸ್ಟರ್ ರೇಡಿಯೋಗಳ ಹೊಟ್ಟೆಯಲ್ಲಿ ಇದ್ದದ್ದು ಬಿಇಎಲ್ ಮುದ್ರೆಯ ಎಸಿ 128, ಬಿಸಿ 148, ಬಿಎಫ್ 194ಗಳು. ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಈ ಹೆಸರುಗಳನ್ನು ಸೊಪ್ಪಿನ ಹೆಸರು ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದರು.

ಈ ಎಸಿ, ಬಿಸಿಗಳು ಬಂದದ್ದು 1966ರಲ್ಲಿ ಬ್ರಸೆಲ್ಸ್‌ನಲ್ಲಿ ಸ್ಥಾಪನೆಯಾದ ಪ್ರೊ ಎಲೆಕ್ಟ್ರಾನ್ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದ್ದ ಪದ್ಧತಿಯಿಂದ. ಹೀಟರಿನ ಹಂಗು ಬಿಟ್ಟು ಮಾಡಿದ ಹೊಸ ವ್ಯಾಕರಣ ಅದು. ಮೊದಲ ಅಕ್ಷರ ವಸ್ತು ಯಾವುದರಿಂದ ಆಗಿದೆ ಎಂದು ಹೇಳುತ್ತದೆ: 'ಎ' ಜರ್ಮೇನಿಯಂ, 'ಬಿ' ಸಿಲಿಕಾನ್, 'ಸಿ' ಗ್ಯಾಲಿಯಂ ಆರ್ಸೆನೈಡಿನಂಥವು. ಎರಡನೆಯ ಅಕ್ಷರ ಕೆಲಸ: 'ಸಿ' ಧ್ವನಿಗೆ ಬಳಸುವ ಸಣ್ಣ ಟ್ರಾನ್ಸಿಸ್ಟರ್, 'ಎಫ್' ರೇಡಿಯೋ ತರಂಗಕ್ಕೆ, 'ವೈ' ರೆಕ್ಟಿಫೈಯರ್, 'ಝಡ್' ಝೀನರ್, 'ಪಿ' ಬೆಳಕನ್ನು ಗುರುತಿಸುವುದು, 'ಕ್ಯೂ' ಬೆಳಕನ್ನು ಸೂಸುವುದು. ಉಳಿದ ಅಂಕಿ ಬರೀ ಕ್ರಮಸಂಖ್ಯೆ. ಎಸಿ 128 ಅಂದರೆ ಜರ್ಮೇನಿಯಂ, ಧ್ವನಿ, 128. ಮುಂದೆ ಮೂರನೆಯ ಅಕ್ಷರವೂ ಇದ್ದರೆ ಅದು ಕಾರ್ಖಾನೆ ಉಪಯೋಗದ ದರ್ಜೆಯದು.

ಹಾಗಾದರೆ ಎಲ್ಇಡಿಗೆ ಇಲ್ಲಿ ಏನು ಹೆಸರು? ಸಿಕ್ಯೂ! ಸಿಕ್ಯೂವೈ, ಸಿಕ್ಯೂಎಕ್ಸ್ ಎಂದು ಶುರುವಾಗುವ ಹಳೇ ಎಲ್ಇಡಿಗಳು ಯುರೋಪಿನ ಉಪಕರಣಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಇಲ್ಲಿ ಆ ಮೊದಲ 'ಸಿ'ಯನ್ನು ಸ್ವಲ್ಪ ನಿಂತು ನೋಡಿ. ಪ್ರೊ ಎಲೆಕ್ಟ್ರಾನ್ ಈ ಅಕ್ಷರಗಳನ್ನು ಹಂಚಿದ್ದು ಬ್ಯಾಂಡ್ ಗ್ಯಾಪ್ ಎಂಬ ಶಕ್ತಿಯ ಅಂತರದ ಮೇಲೆ. ಜರ್ಮೇನಿಯಂನದು ಸುಮಾರು 0.67 ಎಲೆಕ್ಟ್ರಾನ್ ವೋಲ್ಟ್, ಸಿಲಿಕಾನಿನದು 1.1. ಇವುಗಳಿಗಿಂತ ಮೇಲೆ, 1.3 ದಾಟಿದವೆಲ್ಲ 'ಸಿ' ಗುಂಪು. ಕಣ್ಣಿಗೆ ಕಾಣುವ ಕೆಂಪು ಬೆಳಕು ಹೊರಡಬೇಕಾದರೂ ಸುಮಾರು 1.7 ಬೇಕು. ಅಂದಮೇಲೆ ಎಯಿಂದಲೋ ಬಿಯಿಂದಲೋ ಶುರುವಾಗುವ ಎಲ್ಇಡಿ ನಮ್ಮ ಕಣ್ಣಿಗೆ ಬೆಳಗಲಾರದು. ಭೌತಶಾಸ್ತ್ರದ ಒಂದು ಪಾಠವೇ ಆ ಒಂದಕ್ಷರದಲ್ಲಿ ಕೂತಿದೆ. ಇದೇ ಲೆಕ್ಕದಲ್ಲಿ ಮೊದಲು ಹೇಳಿದ ಸಿಎನ್‌ವೈ 17ನ್ನೂ ಓದಬಹುದು. 'ಎನ್' ಅಂದರೆ ಆಪ್ಟೋಕಪ್ಲರ್: ಒಳಗೆ ಒಂದು ಪುಟ್ಟ ಎಲ್ಇಡಿ, ಎದುರಿಗೆ ಅದನ್ನು ನೋಡುತ್ತಾ ಕೂತ ಒಂದು ಟ್ರಾನ್ಸಿಸ್ಟರ್.

ಅಮೆರಿಕದವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಅಲ್ಲಿನ ಜೆಡೆಕ್ ಪದ್ಧತಿಯಲ್ಲಿ 1ಎನ್ ಅಂದರೆ ಡಯೋಡ್, 2ಎನ್ ಅಂದರೆ ಟ್ರಾನ್ಸಿಸ್ಟರ್, ಆಮೇಲೆ ನೋಂದಣಿಯಾದ ಕ್ರಮದಲ್ಲಿ ನಂಬರು. 1ಎನ್ 4007, 2ಎನ್ 3055. ಜರ್ಮೇನಿಯಮ್ಮೋ ಸಿಲಿಕಾನೋ, ಏನು ಕೆಲಸವೋ, ಪುಸ್ತಕ ನೋಡಬೇಕು.

ಈ ಎರಡು ಬಗೆಯ ವ್ಯತ್ಯಾಸ ನಂಗಲಿಯ ಮುಂದಿನ ರಸ್ತೆಯಲ್ಲೇ ಇದೆ. ಮೊದಲು ಅದು ನ್ಯಾಷನಲ್ ಹೈವೇ 4. ಆ ನಾಲ್ಕು ಪಟ್ಟಿಯಲ್ಲಿನ ಒಂದು ಸಂಖ್ಯೆ, ದಿಕ್ಕುದೆಸೆ ಏನೂ ಹೇಳದು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಅಂಕಿ ಕೊಟ್ಟಾಗ ಒಂದು ನಿಯಮ ಮಾಡಿದರು. ಉತ್ತರ ದಕ್ಷಿಣ ಹೋಗುವವಕ್ಕೆ ಸಮಸಂಖ್ಯೆ, ಪೂರ್ವ ಪಶ್ಚಿಮ ಹೋಗುವವಕ್ಕೆ ಬೆಸಸಂಖ್ಯೆ. ಕವಲುಗಳಿಗೆ ಮುಂದೆ ಇನ್ನೊಂದು ಅಂಕಿ. ಹೀಗಾಗಿ ಹೊನ್ನಾವರದಿಂದ ಮುಳಬಾಗಿಲು, ನಂಗಲಿಗಳ ಮೇಲೆ ಚಿತ್ತೂರಿಗೆ ಹೋಗುವುದು 69. ಮೈಸೂರು ರಸ್ತೆ 275 ಅಂದರೆ 75ರ ಕವಲು. ಹಳೇದು ಜೆಡೆಕ್, ಹೊಸದು ಪ್ರೊ ಎಲೆಕ್ಟ್ರಾನ್ ಅನ್ನಿ! ಆದರೆ ಜನರ ಬಾಯಲ್ಲಿ ಎನ್ಎಚ್ ಫೋರ್ ಇನ್ನೂ ಹೋಗಿಲ್ಲ. ಹೆಸರುಗಳ ಗುಣವೇ ಅದು.

ಜಪಾನಿನವರದು ಮೂರನೆಯ ದಾರಿ. 2ಎಸ್‌ಎ, 2ಎಸ್‌ಬಿ, 2ಎಸ್‌ಸಿ, 2ಎಸ್‌ಡಿ. ಇಲ್ಲಿಂದಲೇ ನಮ್ಮ ಕಥೆಯಲ್ಲಿ ಸವೆತ ಶುರುವಾಗುವುದು. 2ಎಸ್‌ಸಿ 1815 ಎಂಬ ಟ್ರಾನ್ಸಿಸ್ಟರಿನ ಮೈಮೇಲೆ ಬರೆದಿರುವುದು ಬರೀ ಸಿ 1815. ಎಲ್ಲದಕ್ಕೂ ಇರುವ 2ಎಸ್ ಯಾಕೆ ಬರೆಯಬೇಕು, ಜಾಗ ದಂಡ ಅಂತ ಬಿಟ್ಟರು. ಎಷ್ಟೋ ಜನ ಅದರ ಪೂರ್ತಿ ಹೆಸರೇ ಸಿ 1815 ಅಂದುಕೊಂಡಿದ್ದಾರೆ. ಮುಂದೆ ಬೋರ್ಡಿನ ಮೇಲೆಯೇ ಅಂಟಿಸುವ, ಅಕ್ಕಿಕಾಳಿನಷ್ಟು ಟ್ರಾನ್ಸಿಸ್ಟರುಗಳು ಬಂದಾಗ ಅಷ್ಟಕ್ಕೂ ಜಾಗವಿಲ್ಲದಾಯಿತು. ಎಂಎಂಬಿಟಿ 3904 ಎಂಬುದರ ಬೆನ್ನ ಮೇಲೆ 1ಎಎಂ ಎಂಬ ಗುಟ್ಟಿನ ಮೂರೇ ಅಕ್ಷರ. ಪೂರ್ತಿ ಹೆಸರು, ಆಮೇಲೆ ಅರ್ಧ ಹೆಸರು, ಆಮೇಲೆ ಸಂಕೇತ. ಮುಂದಿನ ಹಂತ ಏನೂ ಇಲ್ಲದಿರುವುದು. ಅಲ್ಲಿಗೆ ತಲುಪಿದ್ದು ಎಲ್ಇಡಿ.

ಎಲ್ಇಡಿಯ ಹುಟ್ಟಿನ ಕಡೆ ಒಂದು ಕಣ್ಣು ಹಾಯಿಸೋಣ. ಹರಳಿನಿಂದ ಬೆಳಕು ಬರುತ್ತದೆ ಎಂದು ಬ್ರಿಟನ್ನಿನ ರೌಂಡ್ 1907ರಲ್ಲೇ ಬರೆದಿದ್ದ. ರಷ್ಯಾದ ಲೋಸೆವ್ 1920ರ ದಶಕದಲ್ಲಿ ಅದನ್ನು ಆಳವಾಗಿ ಅಭ್ಯಾಸ ಮಾಡಿದ. ಆದರೆ ಅಂಗಡಿಗೆ ಬಂದ ಮೊದಲ ಎಲ್ಇಡಿ 1962ರ ಅಕ್ಟೋಬರಿನದು. ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಕಂಪನಿಯ ಎಸ್‌ಎನ್‌ಎಕ್ಸ್-100. ಬೆಲೆ 130 ಡಾಲರ್! ಅಷ್ಟು ಕೊಟ್ಟರೂ ಕಣ್ಣಿಗೆ ಏನೂ ಕಾಣದು, ಅದು ಇನ್‌ಫ್ರಾರೆಡ್. ಅದೇ ತಿಂಗಳು 9ರಂದು ಜನರಲ್ ಎಲೆಕ್ಟ್ರಿಕ್‌ನ ನಿಕ್ ಹೊಲೋನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್ಇಡಿಯನ್ನು ಬೆಳಗಿಸಿ ತೋರಿಸಿದ. 1968ರಲ್ಲಿ ಮೊನ್ಸಾಂಟೊ ಕಂಪನಿ ಇವನ್ನು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿತು. ಹ್ಯೂಲೆಟ್ ಪ್ಯಾಕರ್ಡ್ ಅದೇ ಕಾಲಕ್ಕೆ ಅಂಕಿ ತೋರಿಸುವ ಡಿಸ್ಪ್ಲೇಗಳನ್ನು ತಂದಿತು.

ಟ್ರಾನ್ಸಿಸ್ಟರಿನಲ್ಲಿ ಬಿಸಿ 148ನ್ನು ಹತ್ತು ಕಂಪನಿಯವರು ಮಾಡುತ್ತಿದ್ದರು, ಹೆಸರು ಎಲ್ಲರಿಗೂ ಸೇರಿದ್ದು. ಎಲ್ಇಡಿಯಲ್ಲಿ ಹಾಗೆ ಹೆಚ್ಚು ದಿನ ನಡೆಯಲಿಲ್ಲ. ಪ್ರತಿ ಕಂಪನಿಯೂ ತನ್ನದೇ ಬಿರುದು ಹಾಕಿಕೊಂಡಿತು. ಹ್ಯೂಲೆಟ್ ಪ್ಯಾಕರ್ಡಿನ ಎಲ್ಇಡಿಗಳಿಗೆ ಎಚ್‌ಎಲ್‌ಎಂಪಿ ಎಂದು ಹೆಸರು. ಆ ವಿಭಾಗ 1999ರಲ್ಲಿ ಅಜಿಲೆಂಟ್ ಕಂಪನಿಗೆ ಹೋಯಿತು, 2005ರಲ್ಲಿ ಅವಾಗೋ ಆಯಿತು, 2016ರಲ್ಲಿ ಅವಾಗೋ ಬ್ರಾಡ್‌ಕಾಮನ್ನು ಕೊಂಡು ಅದರ ಹೆಸರನ್ನೇ ಇಟ್ಟುಕೊಂಡಿತು. ಮಾಲೀಕರು ಇಷ್ಟು ಸಲ ಬದಲಾದರೂ ಎಚ್‌ಎಲ್‌ಎಂಪಿ ಹಾಗೇ ಉಳಿದಿದೆ. ವಿಷ್ಣುವರ್ಧನ ಗೆದ್ದ ಊರುಗಳ ಸಾಲನ್ನು ಅವನ ಮಗ, ಮೊಮ್ಮಗ ಕೂಡ ತಮ್ಮ ಬಿರುದಿನಲ್ಲಿ ಹೊತ್ತು ನಡೆದರಲ್ಲ, ಹಾಗೆ.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲೂ ಇಂಥ ಕೆಲವು ಹೆಸರು ಬೇರು ಬಿಟ್ಟಿವೆ. ಎಸ್‌ಎಲ್ 100, ಎಸ್‌ಕೆ 100 ಎಂಬ ಟ್ರಾನ್ಸಿಸ್ಟರುಗಳು ಮೇಲಿನ ಮೂರು ಪದ್ಧತಿಗೂ ಸೇರದ ದೇಸಿ ಹೆಸರುಗಳು. ಏಳು ಗೆರೆಗಳ ಎಲ್ಇಡಿ ಡಿಸ್ಪ್ಲೇ ಅಂದರೆ ಎಲ್‌ಟಿ 542 ಮತ್ತು 543. ಮೊದಲನೆಯದು ಕಾಮನ್ ಆನೋಡ್, ಎರಡನೆಯದು ಕಾಮನ್ ಕ್ಯಾಥೋಡ್. ಕೊನೆಯ ಒಂದು ಅಂಕಿ ಬದಲಾದರೆ ಪ್ಲಸ್ ಇದ್ದಲ್ಲಿ ಮೈನಸ್ ಬರಬೇಕು. ಹೊರಗಿನಿಂದ ನೋಡಿದರೆ ಎರಡೂ ಅವಳಿ ಮಕ್ಕಳು. ನಂಬರು ಅಳಿಸಿಹೋದರೆ ಮೀಟರು ಹಿಡಿದು ಹುಡುಕುವುದೊಂದೇ ದಾರಿ.

1993ರಲ್ಲಿ ಜಪಾನಿನ ನಿಚಿಯಾ ಕಂಪನಿ ಪ್ರಖರವಾದ ನೀಲಿ ಎಲ್ಇಡಿಯನ್ನು ಮಾರುಕಟ್ಟೆಗೆ ತಂದಿತು. ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರ ನೊಬೆಲ್ ಬಂದದ್ದು ಈ ನೀಲಿ ಬೆಳಕಿಗೇ. ನೀಲಿಯ ಮೇಲೆ ಹಳದಿ ರಂಜಕದ ಲೇಪ ಕೊಟ್ಟರೆ ಬಿಳಿ. ಮನೆಯ ಬಲ್ಬಿನೊಳಗಿನ ಚುಕ್ಕೆ ಹಳದಿಯಾಗಿ ಕಾಣುವುದು ಇದಕ್ಕೇ. ನಿಚಿಯಾದ ಹೆಸರುಗಳು ಓದಲು ಸುಲಭ. ಎನ್‌ಎಸ್‌ಪಿಬಿ 500 ಅಂದರೆ 5 ಮಿಲಿಮೀಟರಿನ ನೀಲಿ, ಎನ್‌ಎಸ್‌ಪಿಜಿ 500 ಹಸಿರು, ಎನ್‌ಎಸ್‌ಪಿಡಬ್ಲ್ಯು 500 ಬಿಳಿ. ನಾಲ್ಕನೆಯ ಅಕ್ಷರವೇ ಬಣ್ಣ. ಓಸ್ರಾಮ್ ಕಂಪನಿಯದರಲ್ಲಿ ಎರಡನೆಯ ಅಕ್ಷರ ಬಣ್ಣ: ಎಲ್‌ಬಿ ನೀಲಿ, ಎಲ್‌ಡಬ್ಲ್ಯು ಬಿಳಿ, ಎಲ್‌ವೈ ಹಳದಿ.

ಆದರೆ ಅಗ್ಗದ ಬಲ್ಬು ರಿಪೇರಿಗೆ ಬಂದಾಗ ಕೈಗೆ ಸಿಗುವುದು ಈ ಹೆಸರುಗಳಲ್ಲ. 2835, 3528, 5050, 5730 ಎಂಬ ನಾಲ್ಕಂಕಿಗಳು. ಮುಖ್ಯವಾದ ಮಾತು ಇಲ್ಲಿದೆ, ಗಮನಿಸಿ. ಇವು ಪಾರ್ಟ್ ನಂಬರುಗಳೇ ಅಲ್ಲ! ಬರೀ ಅಳತೆ. 2835 ಅಂದರೆ 2.8 ಮಿಲಿಮೀಟರ್ ಅಗಲ, 3.5 ಮಿಲಿಮೀಟರ್ ಉದ್ದ. 5050 ಅಂದರೆ 5ಕ್ಕೆ 5. ಹಾಗಿದ್ದರೆ 3528 ಮತ್ತು 2835 ಒಂದೇ ತಾನೆ? ಅಳತೆ ಒಂದೇ, ಆದರೆ 3528 ಹಳೇ ಕಾಲದ, ಕಡಿಮೆ ಶಕ್ತಿಯ ರಚನೆ. 2835ರ ತಳದಲ್ಲಿ ಬಿಸಿ ಹೊರಹಾಕಲು ಅಗಲವಾದ ಲೋಹದ ಪಟ್ಟಿ ಇದೆ, ಬೆಳಗುವ ಭಾಗವೂ ದೊಡ್ಡದು. ಅಂಕಿಯನ್ನು ತಿರುವಿ ಬರೆದದ್ದು ಈ ಎರಡನ್ನು ಬೇರೆ ಮಾಡಲು.

ಇನ್ನೊಂದು ಗೊಂದಲವಿದೆ. 0603, 0805 ಎಂಬ ಸಣ್ಣ ಎಲ್ಇಡಿಗಳೂ ಇವೆ. ಅಲ್ಲಿನ ಅಳತೆ ಮಿಲಿಮೀಟರಲ್ಲ, ಇಂಚಿನ ನೂರನೇ ಭಾಗ. 0603 ಅಂದರೆ 0.06 ಇಂಚು, 0.03 ಇಂಚು, ಅಂದರೆ 1.6ಕ್ಕೆ 0.8 ಮಿಲಿಮೀಟರ್. ಅಗ್ಗದ ಬಲ್ಬಿಗೂ ಇಂಚು ಬಿಟ್ಟಿಲ್ಲ, ನೋಡಿ. ಟ್ಯೂಬ್‌ಲೈಟಿನ ಟಿ 8 ಅಂದರೆ ಎಂಟರಲ್ಲಿ ಎಂಟು ಭಾಗ, ಅಂದರೆ ಒಂದು ಇಂಚು ದಪ್ಪ. ಟಿ 5 ಅಂದರೆ ಎಂಟರಲ್ಲಿ ಐದು. ಒಳಗೆ ಅನಿಲ ಹೋಗಿ ಎಲ್ಇಡಿ ಬಂದರೂ ಹೆಸರು ಟಿ 8. ಓಸಿ 71ರ ಸೊನ್ನೆ ಹೀಟರಿನ ಹಾಗೆ ಇದೂ ಹಿಂದಿನ ಕಾಲದ ಗುರುತು.

ಈಗ ನಾಲ್ಕೇ ದಿನಕ್ಕೆ ಸುಟ್ಟ ಬಲ್ಬಿಗೆ ಬರೋಣ. ಬಿಳಿ ಎಲ್ಇಡಿಯ ಒಂದು ಹರಳಿಗೆ ಸುಮಾರು 3 ವೋಲ್ಟ್ ಬೇಕು. ಆದರೆ 2835 ಗಾತ್ರದ ಒಂದು ಚುಕ್ಕೆಯೊಳಗೆ ಒಂದೇ ಹರಳು ಇರಬೇಕೆಂದೇನೂ ಇಲ್ಲ. ಎರಡಿದ್ದರೆ 6 ವೋಲ್ಟ್, ಮೂರಿದ್ದರೆ 9, ಆರಿದ್ದರೆ 18. ಮೂರರ ಮಗ್ಗಿ! ಎಲ್ಲವೂ ಹೊರಗಿನಿಂದ ಒಂದೇ ತರಹ, ಎಲ್ಲವೂ 2835. ಒಂದು 9 ವ್ಯಾಟ್ ಬಲ್ಬಿನಲ್ಲಿ 9 ವೋಲ್ಟಿನ ಒಂಬತ್ತು ಚುಕ್ಕೆ ಇವೆ ಅನ್ನಿ. ಒಟ್ಟು 81 ವೋಲ್ಟ್. 9 ವ್ಯಾಟನ್ನು 81ರಿಂದ ಭಾಗಿಸಿದರೆ ಸರಣಿಯಲ್ಲಿ ಹರಿಯುವುದು ಸುಮಾರು 111 ಮಿಲಿಆಂಪ್. ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟು ಈ ಕರೆಂಟನ್ನು ಹಟ ಹಿಡಿದು ಅಷ್ಟೇ ಇಡುತ್ತದೆ. ಈಗ ಅಲಂಕಾರದ ಎಲ್ಇಡಿ ಪಟ್ಟಿಯಿಂದ ಕಿತ್ತ ಒಂದು 2835 ಹಾಕಿದರೆ? ಅಂಥವು ಸಾಮಾನ್ಯವಾಗಿ 3 ವೋಲ್ಟಿನ, 0.2 ವ್ಯಾಟಿನವು; ತಾಳುವುದು ಸುಮಾರು 60 ಮಿಲಿಆಂಪ್. ಅದರೊಳಗೆ 111 ನುಗ್ಗಿಸಿದರೆ ಎಷ್ಟು ದಿನ ಬದುಕೀತು? ತಪ್ಪು ರಿಪೇರಿಯವನ ಕೈಯದ್ದಲ್ಲ. ಗಾತ್ರವನ್ನು ಹೆಸರು ಎಂದು ಮಾರಿದ್ದರಿಂದ ಬಂದದ್ದು.

ಹಾಗಾದರೆ ಎಲ್ಇಡಿಯ ನಿಜವಾದ ಹೆಸರು ಎಲ್ಲಿ ಹೋಯಿತು? ರೀಲಿನ ಮೇಲೆ. ಕಾರ್ಖಾನೆಯಿಂದ ಸಾವಿರಾರು ಚುಕ್ಕೆಗಳು ಒಂದು ರೀಲಿನಲ್ಲಿ ಸುತ್ತಿ ಬರುತ್ತವೆ. ಅದರ ಚೀಟಿಯಲ್ಲಿ ಕಂಪನಿಯ ಪೂರ್ತಿ ಪಾರ್ಟ್ ನಂಬರ್ ಇರುತ್ತದೆ, ಜೊತೆಗೆ ಬಿನ್ ಕೋಡುಗಳು. ಬಿನ್ ಅಂದರೇನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ ಮಾರುಕಟ್ಟೆಗೆ ಬರುವ ಟೊಮೆಟೊ ಒಂದೇ ಹೊಲದ್ದು, ಒಂದೇ ತಳಿಯದ್ದು ಆದರೂ ಗಾತ್ರ, ಬಣ್ಣ ನೋಡಿ ಬೇರೆ ಬೇರೆ ಕ್ರೇಟಿಗೆ ಹಾಕುತ್ತಾರಲ್ಲವೇ? ಹಾಗೆಯೇ ಒಂದೇ ಬಿಲ್ಲೆಯಿಂದ ಕತ್ತರಿಸಿದ ಎಲ್ಇಡಿಗಳೂ ಒಂದರಂತೆ ಒಂದಿರುವುದಿಲ್ಲ. ತಯಾರಾದ ಮೇಲೆ ಅಳೆದು ಬೆಳಕಿನ ಪ್ರಮಾಣಕ್ಕೆ ಒಂದು ಬಿನ್, ಬಣ್ಣದ ಛಾಯೆಗೆ ಒಂದು, ವೋಲ್ಟೇಜಿಗೆ ಒಂದು ಎಂದು ವಿಂಗಡಿಸುತ್ತಾರೆ. ಅಕ್ಕಪಕ್ಕದ ಎರಡು ಬಲ್ಬುಗಳಲ್ಲಿ ಒಂದು ಹಾಲು ಬಿಳಿ, ಇನ್ನೊಂದು ನೀಲಿ ಬಿಳಿ ಕಂಡರೆ ಬಿನ್ ಬೇರೆ ಇರಬಹುದು ಎಂದು ಅರ್ಥ. ರೀಲು ಬಿಡಿಸಿ, ಕತ್ತರಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ "2835 ನೂರು ಪೀಸ್" ಎಂದು ಮಾರಿದ ಕ್ಷಣಕ್ಕೆ ಈ ಬಿರುದೆಲ್ಲ ಕಸದ ಬುಟ್ಟಿಗೆ.

ಇಲ್ಲಿ ನನಗೆ ನೆನಪಾಗುವುದು ಬಿ. ಎಲ್. ರೈಸ್. ಬೆಂಗಳೂರಿನಲ್ಲೇ ಹುಟ್ಟಿದ ಈ ಮನುಷ್ಯ ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಸುತ್ತಿಸಿ ಓದಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳನ್ನು ತಂದರು. ಕೋಲಾರ ಜಿಲ್ಲೆಯದು ಹತ್ತನೆಯ ಸಂಪುಟ, 1905ರದು. ಅಲ್ಲಿ ಒಂದೊಂದು ಕಲ್ಲಿಗೂ ಒಂದು ನಂಬರು: ತಾಲ್ಲೂಕಿನ ಹೆಸರು, ಅದರ ಮುಂದೆ ಕ್ರಮಸಂಖ್ಯೆ. ಮುಳಬಾಗಿಲು ಇಷ್ಟು, ಮಾಲೂರು ಇಷ್ಟು, ಶ್ರೀನಿವಾಸಪುರ ಇಷ್ಟು. ಅಪ್ಪಟ ಪ್ರೊ ಎಲೆಕ್ಟ್ರಾನ್! ಅದರಲ್ಲೂ ಹಳೇ ಗುರುತು ಉಳಿದಿದೆ. ಬೌರಿಂಗ್‌ಪೇಟೆ ಎಂದೋ ಬಂಗಾರಪೇಟೆಯಾಯಿತು, ಆದರೆ ಸಂಪುಟದಲ್ಲಿ ಅದು ಬೌರಿಂಗ್‌ಪೇಟೆಯೇ. ಚಿಂತಾಮಣಿ, ಶಿಡ್ಲಘಟ್ಟಗಳು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದರೂ ಅವುಗಳ ಶಾಸನ ಹುಡುಕಲು ಕೋಲಾರದ ಸಂಪುಟವನ್ನೇ ತೆಗೆಯಬೇಕು. ಆ ನಂಬರಿನಿಂದ ಏನು ಉಪಕಾರ ಅಂದರೆ, ಯಾರಾದರೂ ಕಲ್ಲನ್ನು ಚರಂಡಿಗೆ ಹಾಸಿದರೂ, ಗೋಡೆಗೆ ಸೇರಿಸಿದರೂ ಅದು ಎಲ್ಲಿತ್ತು, ಏನು ಹೇಳುತ್ತಿತ್ತು ಎಂಬುದು ಪುಸ್ತಕದಲ್ಲಿ ಉಳಿದಿರುತ್ತದೆ. ನಂಬರಿಲ್ಲದ ಕಲ್ಲು ಎದ್ದುಹೋದರೆ ಬರೀ ಕಲ್ಲು. ಚೀಲದೊಳಗಿನ ಎಲ್ಇಡಿಯೂ ಈಗ ಹಾಗೇ ಆಗಿದೆ.

ಆದರೂ ಬಲ್ಬಿನೊಳಗೆ ಒಂದು ಶಾಸನ ಉಳಿದಿರುತ್ತದೆ, ಕಣ್ಣು ಚುರುಕಿದ್ದರೆ ಸಿಗುತ್ತದೆ. ಎಲ್ಇಡಿಯ ಮೇಲಲ್ಲ, ಅದರ ಕೆಳಗಿನ ತಟ್ಟೆಯ ಮೇಲೆ. 9ಸಿ1ಬಿ, 1ಬಿ12ಸಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರಬಹುದು. ಇದು ಇಂಗ್ಲಿಷ್ ಅಲ್ಲ, ಚೀನಿ! ಚೀನಿ ಭಾಷೆಯಲ್ಲಿ ಸರಣಿಗೆ 'ಚುಆನ್', ಸಮಾಂತರಕ್ಕೆ 'ಬಿಂಗ್'. ಅವುಗಳ ಮೊದಲ ಅಕ್ಷರ ಸಿ ಮತ್ತು ಬಿ. 9ಸಿ1ಬಿ ಅಂದರೆ ಒಂಬತ್ತು ಸರಣಿಯಲ್ಲಿ, ಸಾಲು ಒಂದೇ. ಡ್ರೈವರಿನ ಮೇಲೆ ವೋಲ್ಟೇಜು, ಮಿಲಿಆಂಪ್ ಬರೆದಿದ್ದರೆ ಇನ್ನೂ ಒಳ್ಳೆಯದು. ಒಟ್ಟು ವೋಲ್ಟೇಜನ್ನು ಸರಣಿಯ ಸಂಖ್ಯೆಯಿಂದ ಭಾಗಿಸಿದರೆ ಒಂದು ಚುಕ್ಕೆಯದು ಗೊತ್ತಾಯಿತು. ಏನೂ ಬರೆದಿಲ್ಲದಿದ್ದರೆ ಚುಕ್ಕೆಗೆ ತೀರಾ ಸಣ್ಣ ಕರೆಂಟು ಕೊಟ್ಟು ನೋಡಬೇಕು. ಹಳದಿಯ ಕೆಳಗೆ ಎಷ್ಟು ನೀಲಿ ಬಿಂದು ಮಿನುಗುತ್ತವೋ ಅಷ್ಟು ಹರಳು. ಮೂರಿದ್ದರೆ 9 ವೋಲ್ಟ್. ಸಾದಾ ಮಲ್ಟಿಮೀಟರಿನ ಡಯೋಡ್ ಪರೀಕ್ಷೆ 3 ವೋಲ್ಟಿನ ಚುಕ್ಕೆಯನ್ನು ಮಂಕಾಗಿ ಬೆಳಗಿಸಬಹುದು, 9 ವೋಲ್ಟಿನದಕ್ಕೆ ಅದರ ಶಕ್ತಿ ಸಾಲದು. ಒಂದು ಎಚ್ಚರಿಕೆ: ಅಗ್ಗದ ಬಲ್ಬುಗಳ ಡ್ರೈವರಿನಲ್ಲಿ ಮೇನ್ಸಿಗೂ ತಟ್ಟೆಗೂ ನಡುವೆ ಬೇರ್ಪಡೆ ಇರುವುದೇ ಅಪರೂಪ. ಹೋಲ್ಡರಿನಲ್ಲಿ ಇರುವಾಗ ಟೋಪಿ ತೆಗೆದು ಮುಟ್ಟಿದರೆ 230 ವೋಲ್ಟಿನ ಹೊಡೆತ.

ಬಲ್ಬಿನ ಹೊರಮೈ ಮೇಲಿನ ಅಂಕಿಗಳೂ ಓದಲು ಯೋಗ್ಯವೇ. ಬಿ 22 ಅಂದರೆ 22 ಮಿಲಿಮೀಟರಿನ ಬಯೋನೆಟ್ ಬುಡ. 865 ಎಂದಿದ್ದರೆ ಮೊದಲ 8 ಬಣ್ಣಗಳನ್ನು ಸರಿಯಾಗಿ ತೋರಿಸುವ ಗುಣ ನೂರಕ್ಕೆ ಎಂಬತ್ತರ ಮೇಲೆ ಎಂದು, 65 ಅಂದರೆ 6500 ಕೆಲ್ವಿನ್, ತಣ್ಣನೆ ಬಿಳಿ. ಐಎಸ್ 16102 ಎಂಬುದು ಎಲ್ಇಡಿ ಬಲ್ಬುಗಳ ಭಾರತೀಯ ಮಾನಕ. ಭಾಗ 1 ಸುರಕ್ಷತೆ, ಭಾಗ 2 ಸಾಮರ್ಥ್ಯ. ಅದರ ಜೊತೆ 'ಆರ್' ಎಂದು ಶುರುವಾಗಿ ಎಂಟು ಅಂಕಿಯ ನೋಂದಣಿ ಸಂಖ್ಯೆ ಇದ್ದರೆ ಅದು ಬ್ರ್ಯಾಂಡಿನದಲ್ಲ, ಬಲ್ಬು ತಯಾರಾದ ಕಾರ್ಖಾನೆಯದು. ಹೆಸರು ಯಾರದೇ ಇರಲಿ, ಹುಟ್ಟಿದ ಮನೆ ಯಾವುದು ಎಂದು ಆ ಸಂಖ್ಯೆ ಹೇಳುತ್ತದೆ.

ಇದರಲ್ಲಿ ಕೋಲಾರದವರಿಗೇ ವಿಶೇಷ ಏನಿದೆ ಎಂದು ಯಾರಾದರೂ ಕೇಳಬಹುದು. 1902ರ ಜೂನ್ 30ರಂದು ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ವಿದ್ಯುತ್ ತಂದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ. 1936ರಲ್ಲಿ ಶುರುವಾದ ಬೆಂಗಳೂರಿನ ಮೈಸೂರು ಲ್ಯಾಂಪ್ಸ್‌ನ ಬಲ್ಬುಗಳು ಎಷ್ಟೋ ದಶಕ ನಾಡನ್ನು ಬೆಳಗಿದವು. ಈಗ ಆ ಕಾರ್ಖಾನೆ ಮುಚ್ಚಿದೆ. ಫಿಲಮೆಂಟ್ ಬಲ್ಬು ಕೆಟ್ಟರೆ ಎಸೆಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಎಲ್ಇಡಿ ಹಾಗಲ್ಲ. 2015ರ ಕೊನೆಗೆ ರಾಜ್ಯದಲ್ಲಿ ಹೊಸ ಬೆಳಕು ಯೋಜನೆ ಬಂತು. ಕೇಂದ್ರದ ಉಜಾಲಾ ಯೋಜನೆಯಲ್ಲಿ ದೇಶದಾದ್ಯಂತ 36 ಕೋಟಿಗೂ ಹೆಚ್ಚು ಎಲ್ಇಡಿ ಬಲ್ಬು ಹಂಚಿದರು. 2014ರಲ್ಲಿ ಸರ್ಕಾರಿ ಸಂಸ್ಥೆ 310 ರೂಪಾಯಿಗೆ ಕೊಂಡ ಬಲ್ಬು 2016ಕ್ಕೆ 38 ರೂಪಾಯಿಗೆ ಇಳಿಯಿತು. ಅಗ್ಗವಾದದ್ದು ಒಳ್ಳೆಯದೇ. ಆದರೆ ಅಷ್ಟು ಅಗ್ಗದ ವಸ್ತುವನ್ನು ಯಾರು ರಿಪೇರಿ ಮಾಡಿಸುತ್ತಾರೆ ಎಂಬ ಪ್ರಶ್ನೆಯೂ ಅದರ ಜೊತೆಗೇ ಬಂತು. ಇಡೀ ಡ್ರೈವರು, ಅಲ್ಯೂಮಿನಿಯಂ, ಎಂಟು ಜೀವಂತ ಎಲ್ಇಡಿ, ಎಲ್ಲವೂ ಸತ್ತ ಒಂದು ಚುಕ್ಕೆಗಾಗಿ ಕಸಕ್ಕೆ ಹೋಗುತ್ತವೆ. ಬೀದಿದೀಪ, ಕೋಳಿಫಾರಂ, ಅಂಗಡಿ ಮುಂಗಟ್ಟಿನ ದೊಡ್ಡ ದೀಪಗಳಲ್ಲಂತೂ ಆ ನಷ್ಟ ಹತ್ತಿಪ್ಪತ್ತು ಪಟ್ಟು.

ಸಣ್ಣ ಊರಿನ ರಿಪೇರಿಯವನಿಗೆ ಕೌಶಲ ಇಲ್ಲದೆ ಇಲ್ಲ. ಅವನಿಗೆ ಸಿಗದಿರುವುದು ಹೆಸರು. ಎಸಿ 128ರ ಕಾಲದಲ್ಲಿ ಹೆಸರು ವಸ್ತುವಿನ ಮೈಮೇಲೇ ಬರುತ್ತಿತ್ತು, ಈಗ ಅದನ್ನು ಕೇಳಿ ಪಡೆಯಬೇಕು. ಎಲ್ಇಡಿ ಕೊಳ್ಳುವಾಗ ಅಂಗಡಿಯವನಿಗೆ 2835 ಕೊಡಿ ಅನ್ನದೆ, ಎಷ್ಟು ವೋಲ್ಟು, ಎಷ್ಟು ಮಿಲಿಆಂಪ್, ಎಷ್ಟು ಕೆಲ್ವಿನ್ ಎಂದು ಕೇಳಿ. ರೀಲಿನ ಚೀಟಿ ಇದ್ದರೆ ಹರಿದು ಚೀಲದೊಳಗೆ ಹಾಕಿಸಿಕೊಳ್ಳಿ. ಚೀಟಿ ಇಲ್ಲದಿದ್ದರೆ ಅಳೆದು ಚೀಲದ ಮೇಲೆ ಪೆನ್ನಿನಲ್ಲಿ ಬರೆಯಿರಿ. ಬಲ್ಬು ಸರಿ ಮಾಡಿದ ಮೇಲೆ ತಟ್ಟೆಯ ಅಂಚಿನಲ್ಲಿ 9 ವೋಲ್ಟ್, 111 ಮಿಲಿಆಂಪ್ ಎಂದು ಬರೆದಿಡಿ, ಮುಂದೆ ಅದನ್ನು ಬಿಚ್ಚುವವನಿಗೆ ಉಪಯೋಗವಾಗುತ್ತದೆ.